ಓಟಿ ಮತ್ತು ಮಿದುಳಿನ ಪೆಟ್ಟು: ಮುಂಬರುವ ಸಮ್ಮೇಳನ, ಕಾರ್ಯಾಗಾರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಮ್ಮೇಳನಗಳ ಕಾಲ ಹತ್ತಿರ ಬಂತು ಅಂದರೆ ನನ್ನ ಫೋನಿಗೆ ಮೆಸೇಜುಗಳು ಶುರುವಾಗುತ್ತವೆ. ಓಟಿ, ಅಂದರೆ ಆಕ್ಯುಪೇಷನಲ್ ಥೆರಪಿ ಓದುವವರು, ಕೆಲಸದಲ್ಲಿರುವವರು, ಮನೆಯಲ್ಲಿ ಒಬ್ಬರನ್ನು ನೋಡಿಕೊಳ್ಳುತ್ತಿರುವವರು, ಪೆಟ್ಟಾದವರೇ ಕೂಡ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟೆ. ನಾನು ಓಟಿ, ಅಂದರೆ ಆಕ್ಯುಪೇಷನಲ್ ಥೆರಪಿಸ್ಟ್. ಇಂಥ ಸುಮಾರು ಕಾರ್ಯಕ್ರಮಗಳಿಗೆ ಹೋಗಿದ್ದೇನೆ, ಕೆಲವನ್ನು ನಡೆಸಿದ್ದೇನೆ, ಒಂದನ್ನು ಚೆನ್ನಾಗಿಯೇ ಕೆಡಿಸಿದ್ದೇನೆ. ಆ ಕಥೆ ಕೆಳಗಿದೆ.

ಆಕ್ಯುಪೇಷನಲ್ ಥೆರಪಿ ಅಂದರೆ ಕೆಲಸ ಕೊಡಿಸುವುದಾ?

ಅಲ್ಲ. ಹೆಸರಿನಿಂದ ಆಗುವ ತೊಂದರೆ ಇದು. ಇಲ್ಲಿ ಆಕ್ಯುಪೇಷನ್ ಅಂದರೆ ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ನಾವು ಮಾಡುವ ಎಲ್ಲವೂ. ಹಲ್ಲುಜ್ಜುವುದು, ಅಂಗಿಯ ಗುಂಡಿ ಹಾಕುವುದು, ಒಲೆ ಆರಿಸಿದೆನಾ ಅಂತ ನೆನಪಿಟ್ಟುಕೊಳ್ಳುವುದು, ಬಸ್ಸು ಹತ್ತುವುದು, ಮಗುವಿನ ಜೊತೆ ಆಡುವುದು. ಸಂಬಳದ ಕೆಲಸವೂ ಅದರಲ್ಲಿ ಒಂದು, ಅಷ್ಟೇ. ಫಿಸಿಯೋ ಕೈ ಎತ್ತುವ ಹಾಗೆ ಮಾಡುತ್ತಾರೆ, ಓಟಿ ಆ ಕೈಯಿಂದ ತಲೆ ಬಾಚಿಕೊಳ್ಳುವ ಹಾಗೆ ಮಾಡುತ್ತಾರೆ ಅಂತ ನಮ್ಮವರು ಹೇಳುವುದುಂಟು. ಫಿಸಿಯೋ ಗೆಳೆಯರಿಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ, ಅವರ ಸಿಟ್ಟಿನಲ್ಲೂ ನ್ಯಾಯವಿದೆ.

ಮಿದುಳಿನ ಪೆಟ್ಟು ಅಂದರೆ ಅಪಘಾತ ಮಾತ್ರವಾ? ಸ್ಟ್ರೋಕ್ ಆದವರು ಬರಬಹುದಾ?

ಬರಬಹುದು. ಗಾಡಿಯಿಂದ ಬಿದ್ದು ತಲೆಗೆ ಏಟಾಗಿರಲಿ, ಸ್ಟ್ರೋಕ್ ಆಗಿರಲಿ, ಮಿದುಳಿಗೆ ಸ್ವಲ್ಪ ಹೊತ್ತು ಆಮ್ಲಜನಕ ಸಿಗದೇ ಹೋಗಿರಲಿ, ಮಿದುಳಿಗೆ ಸೋಂಕು ತಗುಲಿರಲಿ, ಗೆಡ್ಡೆ ತೆಗೆಸಿಕೊಂಡಿರಲಿ, ಆಮೇಲಿನ ತೊಂದರೆಗಳಲ್ಲಿ ಬಹಳಷ್ಟು ಒಂದೇ ಥರ. ಕಾರ್ಯಕ್ರಮದ ಹೆಸರಿನಲ್ಲಿ 'ಟ್ರಾಮ್ಯಾಟಿಕ್' ಅಂತ ಇದ್ದರೆ ಹೊರಗಿನ ಪೆಟ್ಟಿನ ಬಗ್ಗೆ ಮಾತ್ರ. 'ಅಕ್ವೈರ್ಡ್' ಅಂತ ಇದ್ದರೆ ಇವೆಲ್ಲವೂ ಸೇರಿದವು.

'ಮೈಲ್ಡ್', ಅಂದರೆ ಹಗುರ ಪೆಟ್ಟು ಅನ್ನುವ ಪದ ನೋಡಿ ಇದು ನಮಗಲ್ಲ ಅಂತ ಬಿಟ್ಟುಬಿಡುವವರೂ ಇದ್ದಾರೆ. ಹಾಗೆ ಮಾಡಬೇಡಿ. ಆ ಪದ ಬರುವುದು ಗ್ಲಾಸ್ಗೋ ಕೋಮಾ ಸ್ಕೇಲ್‌ನಿಂದ. 1974 ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ವೈದ್ಯರು ಮಾಡಿದ ಅಳತೆ ಅದು. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ, ಈ ಮೂರನ್ನು ನೋಡಿ 3 ರಿಂದ 15 ರ ತನಕ ಅಂಕ ಕೊಡುತ್ತಾರೆ. 13 ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ ಮೈಲ್ಡ್, 9 ರಿಂದ 12 ಮಧ್ಯಮ, 8 ಅಥವಾ ಕಡಿಮೆ ಇದ್ದರೆ ತೀವ್ರ. ಆದರೆ ಅದು ಆ ಹೊತ್ತಿನ ಎಚ್ಚರ ಎಷ್ಟಿತ್ತು ಅಂತ ಮಾತ್ರ ಹೇಳುತ್ತದೆ. ಆರು ತಿಂಗಳ ಮೇಲೆ ಗದ್ದಲದ ಆಫೀಸಿನಲ್ಲಿ ಕೂತು ಒಂದು ಲೆಕ್ಕ ಮುಗಿಸಲು ಆಗುತ್ತದಾ ಇಲ್ಲವಾ ಅನ್ನುವುದು ಅದಕ್ಕೆ ಗೊತ್ತಿಲ್ಲ.

ವರ್ಷದಲ್ಲಿ ಯಾವ ತಿಂಗಳು ಗಮನ ಇಟ್ಟಿರಬೇಕು?

ಮಾರ್ಚ್ ಮತ್ತು ಅಕ್ಟೋಬರ್. ಮಾರ್ಚ್ ಮಧ್ಯದಲ್ಲಿ ಮಿದುಳು ಅರಿವಿನ ವಾರ ಬರುತ್ತದೆ, ಡಾನಾ ಫೌಂಡೇಶನ್ 1996 ರಲ್ಲಿ ಶುರು ಮಾಡಿದ್ದು. ಮಾರ್ಚ್ 20 ವಿಶ್ವ ತಲೆಪೆಟ್ಟು ಜಾಗೃತಿ ದಿನ. ಅಮೆರಿಕದಲ್ಲಿ ಇಡೀ ಮಾರ್ಚ್ ತಿಂಗಳೇ ಮಿದುಳು ಪೆಟ್ಟಿನ ಜಾಗೃತಿಗೆ ಮೀಸಲು, ಹಾಗಾಗಿ ಆನ್‌ಲೈನ್ ಉಪನ್ಯಾಸಗಳು ಆ ತಿಂಗಳು ಬೇಕಾದಷ್ಟು ಸಿಗುತ್ತವೆ. ಅಕ್ಟೋಬರ್ 27 ವಿಶ್ವ ಆಕ್ಯುಪೇಷನಲ್ ಥೆರಪಿ ದಿನ, 2010 ರಿಂದ ನಡೆದುಕೊಂಡು ಬಂದಿದೆ. ಎರಡೇ ದಿನ ಬಿಟ್ಟು 29 ಕ್ಕೆ ವಿಶ್ವ ಸ್ಟ್ರೋಕ್ ದಿನ. ಎರಡನ್ನೂ ಸೇರಿಸಿ ಒಂದೇ ವಾರ ಮಾಡಿದರೆ ಖರ್ಚೂ ಉಳಿಯುತ್ತದೆ, ಜನರೂ ಸೇರುತ್ತಾರೆ. ಡಿಸೆಂಬರ್ 3 ವಿಶ್ವಸಂಸ್ಥೆಯ ಅಂಗವಿಕಲರ ದಿನ, 1992 ರಿಂದ ಇದೆ. ಅವತ್ತಿನ ಕಾರ್ಯಕ್ರಮಗಳಲ್ಲಿ ಮಿದುಳಿನ ಪೆಟ್ಟಿನ ಮಾತು ಬರುವುದು ಕಡಿಮೆ. ಕಣ್ಣಿಗೆ ಕಾಣದ ತೊಂದರೆ ಅಲ್ವಾ, ವೇದಿಕೆಯ ಮೇಲೂ ಕಾಣುವುದಿಲ್ಲ.

ದೊಡ್ಡ ಸಮ್ಮೇಳನಗಳು ಯಾವುವು? ಹೋಗಲೇಬೇಕಾ?

ಓಟಿಗಳ ಜಾಗತಿಕ ಸಂಘ ಅಂದರೆ ವರ್ಲ್ಡ್ ಫೆಡರೇಶನ್ ಆಫ್ ಆಕ್ಯುಪೇಷನಲ್ ಥೆರಪಿಸ್ಟ್ಸ್. 1952 ರಲ್ಲಿ ಹತ್ತು ದೇಶಗಳು ಸೇರಿ ಕಟ್ಟಿದ್ದು, ಭಾರತವೂ ಆ ಹತ್ತರಲ್ಲಿ ಒಂದು. ಇದರ ಮಹಾ ಸಮ್ಮೇಳನ ನಾಲ್ಕು ವರ್ಷಕ್ಕೊಮ್ಮೆ. 2018 ರಲ್ಲಿ ಕೇಪ್ ಟೌನ್, 2022 ರಲ್ಲಿ ಪ್ಯಾರಿಸ್, 2026 ರಲ್ಲಿ ಬ್ಯಾಂಕಾಕ್. ಮಿದುಳಿನ ಪೆಟ್ಟಿಗೇ ಮೀಸಲಾದದ್ದು ಬೇಕು ಅಂದರೆ ಇಂಟರ್‌ನ್ಯಾಷನಲ್ ಬ್ರೇನ್ ಇಂಜುರಿ ಅಸೋಸಿಯೇಶನ್‌ನ ವಿಶ್ವ ಸಮ್ಮೇಳನ ಇದೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ. 2023 ರಲ್ಲಿ ಡಬ್ಲಿನ್, 2025 ರಲ್ಲಿ ಮಾಂಟ್ರಿಯಲ್‌ನಲ್ಲಿ ನಡೆಯಿತು. ನರರೋಗ ಪುನಶ್ಚೇತನದ ವರ್ಲ್ಡ್ ಫೆಡರೇಶನ್ ಫಾರ್ ನ್ಯೂರೋರಿಹ್ಯಾಬಿಲಿಟೇಶನ್, ಸ್ಟ್ರೋಕ್‌ಗೆ ವರ್ಲ್ಡ್ ಸ್ಟ್ರೋಕ್ ಆರ್ಗನೈಸೇಶನ್, ಇವರದೂ ಬೇರೆ ಬೇರೆ ಸಮ್ಮೇಳನಗಳಿವೆ.

ಹೋಗಲೇಬೇಕಾ ಅಂದರೆ, ಇಲ್ಲ. ಮೊದಲ ಸಲಕ್ಕಂತೂ ಬೇಡ. ಒಂದೇ ಹೊತ್ತಿಗೆ ಏಳೆಂಟು ಕೋಣೆಗಳಲ್ಲಿ ಮಾತು ನಡೆಯುತ್ತಿರುತ್ತದೆ, ನೀವು ಒಂದರಲ್ಲಿ ಕೂತು ಉಳಿದದ್ದರ ಬಗ್ಗೆ ಕೊರಗುತ್ತಿರುತ್ತೀರಿ. ದೇಶದ ಮಟ್ಟದ ಅಥವಾ ಇನ್ನೂ ಚಿಕ್ಕ ಸಭೆಯಲ್ಲಿ ಮಾತಾಡಿದವರ ಹತ್ತಿರ ಹೋಗಿ ಹತ್ತು ನಿಮಿಷ ಕೇಳಬಹುದು. ನನಗೆ ಕೆಲಸಕ್ಕೆ ಬಂದ ಮುಕ್ಕಾಲು ಪಾಲು ಸಿಕ್ಕಿದ್ದು ಅಂಥ ಹತ್ತು ನಿಮಿಷಗಳಲ್ಲೇ.

"ಗೌರವಾನ್ವಿತ ಡಾಕ್ಟರೇ, ನಿಮ್ಮ ಅಮೂಲ್ಯ ಸಂಶೋಧನೆ ಓದಿ ಸಂತೋಷವಾಯಿತು, ಭಾಷಣಕ್ಕೆ ಬನ್ನಿ" ಅಂತ ಇಮೇಲ್ ಬಂದಿದೆ. ನಿಜವಾ?

ನೀವು ಸಂಶೋಧನೆ ಮಾಡಿದ್ದೀರಾ? ಇಲ್ಲ ಅಂದರೆ ಉತ್ತರ ಅಲ್ಲೇ ಸಿಕ್ಕಿತು.

ಹಣ ಕೀಳಲಿಕ್ಕೆಂದೇ ನಡೆಸುವ ಸಮ್ಮೇಳನಗಳಿವೆ. ಗುರುತು ಹಿಡಿಯುವುದು ಕಷ್ಟವಲ್ಲ. ನರವಿಜ್ಞಾನ, ದಂತ ವೈದ್ಯ, ನ್ಯಾನೋ ತಂತ್ರಜ್ಞಾನ, ಎಲ್ಲವೂ ಒಂದೇ ಹೋಟೆಲಿನಲ್ಲಿ ಒಂದೇ ವಾರ. ಸಮಿತಿಯಲ್ಲಿರುವವರ ಹೆಸರು ಇರುವುದಿಲ್ಲ, ಇದ್ದರೂ ಆ ಹೆಸರಿನವರಿಗೇ ವಿಷಯ ಗೊತ್ತಿರುವುದಿಲ್ಲ. ನಿಮ್ಮ ಭಾಷಣದ ಸಾರಾಂಶ ಕಳಿಸಿದ ಮರುದಿನವೇ ಒಪ್ಪಿಗೆ ಬರುತ್ತದೆ, ಜೊತೆಗೆ ಹಣ ಕಟ್ಟುವ ಲಿಂಕೂ ಬರುತ್ತದೆ. ಓದಿ ತೂಗಿ ಹೇಳಲು ಒಂದು ದಿನ ಸಾಕಾಗುವುದಿಲ್ಲ ಅಲ್ವಾ? ಅನುಮಾನ ಬಂದರೆ ನಿಮ್ಮ ದೇಶದ ಓಟಿ ಸಂಘವನ್ನು ಕೇಳಿ, ಇಲ್ಲವೇ ಹಿಂದಿನ ವರ್ಷ ಹೋಗಿ ಬಂದ ಒಬ್ಬರನ್ನಾದರೂ ಹುಡುಕಿ. ಒಬ್ಬರೂ ಸಿಗದಿದ್ದರೆ ಬಿಟ್ಟುಬಿಡಿ.

ಹಣ ಇರುವುದು ಒಂದಕ್ಕೆ ಮಾತ್ರ. ಸಮ್ಮೇಳನವಾ, ಕಾರ್ಯಾಗಾರವಾ?

ಕಾರ್ಯಾಗಾರ. ನಾನು ಇದರಲ್ಲಿ ಪಕ್ಷಪಾತಿ, ಮೊದಲೇ ಹೇಳಿಬಿಡುತ್ತೇನೆ. ಸಮ್ಮೇಳನದಲ್ಲಿ ಏನೇನು ಇದೆ ಅಂತ ಗೊತ್ತಾಗುತ್ತದೆ, ಕಾರ್ಯಾಗಾರದಲ್ಲಿ ಕೈಗೆ ಕೆಲಸ ಬರುತ್ತದೆ.

ಆದರೆ ಯಾವ ಕಾರ್ಯಾಗಾರ ಅನ್ನುವುದು ನೀವು ಎಲ್ಲಿ ಕೆಲಸ ಮಾಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಆಸ್ಪತ್ರೆ ವಾರ್ಡಿನಲ್ಲಿ, ಪೆಟ್ಟಾದ ಮೊದಲ ವಾರಗಳಲ್ಲಿ ನೋಡುವವರಾದರೆ ರೋಗಿಯ ಎಚ್ಚರ, ವರ್ತನೆ ಯಾವ ಹಂತಕ್ಕೆ ಬಂದಿದೆ ಅಂತ ನೋಡುವ ರಾಂಚೋ ಲಾಸ್ ಅಮಿಗೋಸ್ ಅಳತೆಯನ್ನು ಸರಿಯಾಗಿ ಬಳಸಲು ಕಲಿಸುವ ಅರ್ಧ ದಿನವೂ ಸಾಕು. ಮೊದಲು ಎಂಟು ಹಂತ ಇತ್ತು, ಆಮೇಲೆ ಹತ್ತಕ್ಕೆ ಬೆಳೆಸಿದರು. ನಾಲ್ಕನೇ ಹಂತದಲ್ಲಿ ರೋಗಿ ಗೊಂದಲದಲ್ಲಿರುತ್ತಾರೆ, ಕಿರುಚುತ್ತಾರೆ, ನಳಿಕೆ ಕಿತ್ತುಕೊಳ್ಳುತ್ತಾರೆ. ಅದನ್ನು ನೋಡಿ ಮನೆಯವರು ಹೆದರುತ್ತಾರೆ. ಏನೂ ಪ್ರತಿಕ್ರಿಯೆ ಇಲ್ಲದ ಸ್ಥಿತಿಯಿಂದ ಮುಂದೆ ಬಂದಾಗಲೇ ಹೀಗಾಗುವುದು ಅಂತ ಅವರಿಗೆ ತಿಳಿಸಿ ಹೇಳುವುದು ಹೇಗೆ ಅನ್ನುವುದೇ ಒಂದು ಪಾಠ.

ದಿನನಿತ್ಯದ ಕೆಲಸಗಳನ್ನು ಕಣ್ಣಾರೆ ನೋಡಿ ಅಳೆಯಲು ಕಲಿಯಬೇಕು ಅಂದರೆ ಓಟಿ ಆನ್ ಫಿಶರ್ ಅವರ ಎಎಂಪಿಎಸ್ ಅನ್ನುವ ಅಳತೆ ಇದೆ. ಐದು ದಿನದ ತರಬೇತಿ. ಆಮೇಲೂ ಹತ್ತು ಜನರನ್ನು ಪರೀಕ್ಷಿಸಿ ಕಳಿಸಬೇಕು. ನಿಮ್ಮ ಅಂಕ ಕೊಡುವ ಕೈ ಬಿಗಿಯಾ ಸಡಿಲವಾ ಅಂತ ಅದರಿಂದ ಲೆಕ್ಕ ಹಾಕುತ್ತಾರೆ. ಅದರಲ್ಲಿ ದೇಹ ಬಳಸುವ ಕೌಶಲ 16, ಕೆಲಸವನ್ನು ನಡೆಸಿಕೊಂಡು ಹೋಗುವ ಕೌಶಲ 20. ಕಷ್ಟದ ತರಬೇತಿ, ಆದರೆ ಅದಾದ ಮೇಲೆ ಒಬ್ಬರು ಹಾಸಿಗೆಯ ಹೊದಿಕೆ ಹಾಸುವುದನ್ನು ನೀವು ಮೊದಲಿನ ಹಾಗೆ ಸುಮ್ನೆ ನೋಡಲಾರಿರಿ. ಎಲ್ಲಿ ತಡವರಿಸಿದರು, ಎಲ್ಲಿ ವಸ್ತು ಹುಡುಕಿದರು, ಎಲ್ಲಿ ಮಧ್ಯೆ ನಿಂತರು, ಎಲ್ಲವೂ ಕಾಣತೊಡಗುತ್ತದೆ.

ಕೋ-ಆಪ್ ಅನ್ನುವ ವಿಧಾನವನ್ನೂ ಕಲಿಯುವಂತಿದ್ದರೆ ಕಲಿಯಿರಿ. ಮೊದಲು ಚಲನೆಯ ಸಮನ್ವಯದ ತೊಂದರೆ ಇರುವ ಮಕ್ಕಳಿಗೆಂದು ಕೆನಡಾದಲ್ಲಿ ಹುಟ್ಟಿದ್ದು, ಆಮೇಲೆ ಸ್ಟ್ರೋಕ್ ಮತ್ತು ಮಿದುಳಿನ ಪೆಟ್ಟಿಗೂ ಬಂತು. ಗುರಿ, ಯೋಜನೆ, ಮಾಡು, ಪರಿಶೀಲಿಸು, ಈ ನಾಲ್ಕೇ ಹೆಜ್ಜೆ. ಉತ್ತರವನ್ನು ಥೆರಪಿಸ್ಟ್ ಹೇಳಿಕೊಡುವುದಿಲ್ಲ, ಪ್ರಶ್ನೆ ಕೇಳಿ ಕೇಳಿ ಅವರೇ ಕಂಡುಕೊಳ್ಳುವ ಹಾಗೆ ಮಾಡುತ್ತಾರೆ. ಕೇಳಲು ಸುಲಭ. ಬಾಯಿ ಮುಚ್ಚಿಕೊಂಡು ಕಾಯುವುದು ಎಷ್ಟು ಕಷ್ಟ ಅಂತ ನನಗೆ ಕಾರ್ಯಾಗಾರದಲ್ಲೇ ಗೊತ್ತಾದದ್ದು.

ನೆನಪು, ಗಮನದ ಬಗ್ಗೆ ನಡೆಯುವ ಗೋಷ್ಠಿಗಳಲ್ಲಿ ಹೊಸತೇನಿರುತ್ತದೆ? ಮಿದುಳಿನ ಆಟದ ಆಪ್‌ಗಳನ್ನು ಹೇಳಿಕೊಡುತ್ತಾರಾ?

ಹೇಳಿಕೊಡುವವರೂ ಇದ್ದಾರೆ, ಬೇಡ ಅನ್ನುವವರೂ ಇದ್ದಾರೆ. ನಾನು ಎರಡನೆಯವರ ಕಡೆ.

ಇನ್‌ಕಾಗ್ ಅಂತ ಅಂತರರಾಷ್ಟ್ರೀಯ ತಜ್ಞರ ತಂಡದ ಮಾರ್ಗಸೂಚಿಗಳಿವೆ. ಮೊದಲ ಸಲ 2014 ರಲ್ಲಿ ಬಂತು, ಪರಿಷ್ಕೃತ ರೂಪ 2023 ರಲ್ಲಿ. ಗಮನ ಸುಧಾರಿಸಲು ಬದುಕಿಗೆ ಸಂಬಂಧವಿಲ್ಲದ ಕಂಪ್ಯೂಟರ್ ಅಭ್ಯಾಸಗಳನ್ನು ನೆಚ್ಚಿಕೊಳ್ಳಬೇಡಿ ಅಂತ ಅದು ಹೇಳುತ್ತದೆ. ಆಟದಲ್ಲಿ ಜಾಣರಾಗುತ್ತಾರೆ, ಆ ಜಾಣತನ ಅಡುಗೆಮನೆಗೆ ಬರುವುದಿಲ್ಲ. ಅದರ ಬದಲು ತನ್ನ ತಪ್ಪನ್ನು ತಾನೇ ಗಮನಿಸುವ ತಂತ್ರಗಳು, ಕೆಲಸವನ್ನು ಹೆಜ್ಜೆಗಳಾಗಿ ಒಡೆಯುವುದು, ನೋಟ್‌ಬುಕ್ಕು, ಫೋನಿನ ಅಲಾರಂ, ಇವೇ ಹೆಚ್ಚು ಕೆಲಸಕ್ಕೆ ಬರುತ್ತವೆ. ಕೇಳಲು ಸಪ್ಪೆ, ಮಾರಲೂ ಆಗುವುದಿಲ್ಲ. ಅದಕ್ಕೇ ಇವುಗಳ ಮಳಿಗೆ ಎಲ್ಲೂ ಇರುವುದಿಲ್ಲ.

ಇಂಥ ಗೋಷ್ಠಿಗಳಲ್ಲಿ ನನಗೆ ಇಷ್ಟವಾದ ಒಂದು ಪರೀಕ್ಷೆಯ ಮಾತು ಆಗಾಗ ಬರುತ್ತದೆ, ಮಲ್ಟಿಪಲ್ ಎರಂಡ್ಸ್ ಟೆಸ್ಟ್. ಶಾಲಿಸ್ ಮತ್ತು ಬರ್ಜೆಸ್ 1991 ರಲ್ಲಿ ಬರೆದದ್ದು. ಮಿದುಳಿನ ಮುಂಭಾಗಕ್ಕೆ ಪೆಟ್ಟಾದ ಮೂವರು. ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ ಚೆನ್ನಾಗಿಯೇ ಅಂಕ ತೆಗೆದಿದ್ದರು. ಅವರನ್ನು ಅಂಗಡಿ ಬೀದಿಗೆ ಕರೆದುಕೊಂಡು ಹೋಗಿ ಇಂತಿಂಥ ಸಾಮಾನು ಕೊಳ್ಳಿ, ಇಂಥ ವಿಷಯ ತಿಳಿದುಕೊಳ್ಳಿ, ಇಷ್ಟು ಹೊತ್ತಿಗೆ ಇಲ್ಲಿರಿ, ಈ ನಿಯಮ ಮುರಿಯಬೇಡಿ ಅಂದರು. ಅಲ್ಲಿ ಎಲ್ಲವೂ ಚೆಲ್ಲಾಪಿಲ್ಲಿ. "ಆಸ್ಪತ್ರೆಯಲ್ಲಿ ಎಲ್ಲ ಸರಿ ಅಂದರು, ಮನೆಗೆ ಬಂದ ಮೇಲೆ ಏನೂ ಸರಿಯಿಲ್ಲ" ಅಂತ ಮನೆಯವರು ಹೇಳುತ್ತಾರಲ್ಲ, ಆ ದೂರಿಗೆ ವಿಜ್ಞಾನದ ಉತ್ತರ ಇದು.

ರೋಬೋಟ್ ಕೈ, ವರ್ಚುವಲ್ ರಿಯಾಲಿಟಿ ಮಳಿಗೆಗಳಲ್ಲಿ ಏನು ಕೇಳಬೇಕು?

ಮೂರು ಪ್ರಶ್ನೆ. ಇದನ್ನು ಯಾರ ಮೇಲೆ ಪರೀಕ್ಷಿಸಿದ್ದೀರಿ, ಅವರಿಗೆ ಎಷ್ಟು ತೀವ್ರ ತೊಂದರೆ ಇತ್ತು? ಅಷ್ಟೇ ಹೊತ್ತು ಮಾಮೂಲಿ ಥೆರಪಿ ಪಡೆದವರಿಗಿಂತ ಇವರಿಗೆ ಜಾಸ್ತಿ ಗುಣ ಕಂಡಿತಾ? ಯಂತ್ರ ತೆಗೆದ ಮೇಲೆ ಅವರು ಮನೆಯಲ್ಲಿ ಆ ಕೈ ಬಳಸುತ್ತಿದ್ದಾರಾ? ಮೂರನೆಯದಕ್ಕೆ ಬರುವ ಮೌನವನ್ನು ಗಮನಿಸಿ. ನಾನು ಯಂತ್ರಗಳ ವಿರೋಧಿ ಅಲ್ಲ, ಸಾವಿರ ಸಲ ಒಂದೇ ಚಲನೆ ಮಾಡಿಸಲು ಅವು ನನಗಿಂತ ತಾಳ್ಮೆಯವು. ಆದರೆ "ಮಿದುಳು ಪೂರ್ತಿ ಮೊದಲಿನ ಹಾಗಾಗುತ್ತದೆ" ಅಂತ ಯಾರಾದರೂ ಮಾತು ಕೊಟ್ಟರೆ ಕೈ ಮುಗಿದು ಮುಂದೆ ನಡೆಯಿರಿ.

ಸಮ್ಮೇಳನದಲ್ಲಿ ಪೋಸ್ಟರ್ (ಮಾಡಿದ ಕೆಲಸವನ್ನು ಒಂದು ದೊಡ್ಡ ಹಾಳೆಯಲ್ಲಿ ಬರೆದು ತೋರಿಸುವುದು) ಹಾಕಬೇಕು ಅಂತ ಆಸೆ. ನನ್ನ ಹತ್ತಿರ ದೊಡ್ಡ ಸಂಶೋಧನೆ ಇಲ್ಲ.

ಬೇಕಾಗಿಲ್ಲ. ಒಬ್ಬರ ಕಥೆಯನ್ನೇ ಸರಿಯಾಗಿ ಅಳೆದು ಬರೆದರೂ ಪೋಸ್ಟರ್ ಆಗುತ್ತದೆ. ಶುರುವಿನಲ್ಲಿ ಹೇಗಿದ್ದರು, ಅವರಿಗೆ ಏನು ಬೇಕಿತ್ತು, ನೀವೇನು ಮಾಡಿದಿರಿ, ಎಷ್ಟು ದಿನ, ಕೊನೆಗೆ ಏನಾಯಿತು. ಏನು ಕೆಲಸ ಮಾಡಲಿಲ್ಲ ಅನ್ನುವುದನ್ನೂ ಬರೆಯಿರಿ, ಅದನ್ನು ಓದಲು ಜನ ನಿಲ್ಲುತ್ತಾರೆ. ದೊಡ್ಡ ಸಮ್ಮೇಳನಗಳಲ್ಲಿ ಸಾರಾಂಶ ಕಳಿಸುವ ಗಡುವು ತಿಂಗಳುಗಟ್ಟಲೆ ಮೊದಲೇ ಮುಗಿಯುತ್ತದೆ, ಕೆಲವು ಕಡೆ ಹತ್ತಿರ ಹತ್ತಿರ ಒಂದು ವರ್ಷ ಮೊದಲು. ಕಾರ್ಯಕ್ರಮದ ದಿನಾಂಕಕ್ಕಿಂತ ಈ ಗಡುವನ್ನೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಅವರ ಕಥೆ ಬಳಸಲು ಅವರಿಂದ ಪಡೆಯುವ ಒಪ್ಪಿಗೆ ಪತ್ರದ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮಿದುಳಿಗೆ ಪೆಟ್ಟಾದವರು ಸಹಿ ಹಾಕಿದರು ಅಂದ ಮಾತ್ರಕ್ಕೆ ಅರ್ಥವಾಯಿತು ಅಂತಲ್ಲ. ಬೇರೆ ದಿನ ಮತ್ತೆ ಕೇಳಿ, ಅವರ ಮಾತಿನಲ್ಲೇ ವಾಪಸ್ ಹೇಳಿಸಿ. ಮುಖ ಕಾಣುವ ಫೋಟೋ ಬೇಡವೇ ಬೇಡ.

ಮನೆಯವರು ಬರಬಹುದಾ? ಅಥವಾ ಇದು ಬರೀ ಥೆರಪಿಸ್ಟ್‌ಗಳಿಗಾ?

ಕಾರ್ಯಕ್ರಮದ ಮೇಲೆ ಹೋಗುತ್ತದೆ. ಕೌಶಲದ ಕಾರ್ಯಾಗಾರಗಳಿಗೆ ಸಾಮಾನ್ಯವಾಗಿ ಬಿಡುವುದಿಲ್ಲ, ಜಾಗೃತಿ ದಿನಗಳಿಗೆ ಎಲ್ಲರೂ ಬರಬಹುದು, ಸಮ್ಮೇಳನಗಳಲ್ಲಿ ಒಂದೊಂದು ಥರ. ಕೇಳಿ ನೋಡಿ, ಕೇಳಿದ್ದಕ್ಕೇ ಬಾಗಿಲು ತೆರೆದದ್ದನ್ನು ನೋಡಿದ್ದೇನೆ. ಬರುವುದಾದರೆ ಒಂದೇ ಒಂದು ಪ್ರಶ್ನೆ ಬರೆದುಕೊಂಡು ಬನ್ನಿ. "ಅವರು ಯಾವಾಗ ಸರಿ ಹೋಗುತ್ತಾರೆ" ಅನ್ನುವುದಕ್ಕೆ ಸಭೆಯಲ್ಲಿ ಯಾರೂ ಉತ್ತರ ಕೊಡಲಾರರು. "ಸ್ನಾನಕ್ಕೆ ಹೋಗು ಅಂದರೆ ಹೂಂ ಅನ್ನುತ್ತಾರೆ, ಏಳುವುದಿಲ್ಲ, ಏನು ಮಾಡಲಿ" ಅಂತ ಕೇಳಿ. ಅದು ಸೋಮಾರಿತನ ಅಲ್ಲ, ಕೆಲಸ ಶುರು ಮಾಡುವ ಸ್ವಿಚ್ಚಿಗೇ ಪೆಟ್ಟಾಗಿರಬಹುದು ಅಂತ ವಿವರಿಸಿ ದಾರಿ ತೋರಿಸುವವರು ಆ ಕೋಣೆಯಲ್ಲಿ ಹತ್ತು ಜನ ಸಿಗುತ್ತಾರೆ.

ನನಗೇ ಪೆಟ್ಟಾಗಿದೆ. ನಾನು ಬಂದರೆ ತೊಂದರೆಯಾಗುತ್ತದಾ?

ಬನ್ನಿ. ಇದಕ್ಕೆ ಮಾತ್ರ ಸ್ವಲ್ಪ ಉದ್ದ ಬರೆಯುತ್ತೇನೆ.

ಈ ವೃತ್ತಿಯ ಮೊದಲ ಸಂಘವೊಂದು ಹುಟ್ಟಿದ್ದು 1917 ರ ಮಾರ್ಚ್‌ನಲ್ಲಿ, ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್ ಅನ್ನುವ ಊರಿನಲ್ಲಿ, ಜಾರ್ಜ್ ಬಾರ್ಟನ್ ಅವರ ಮನೆಯಲ್ಲಿ. ಬಾರ್ಟನ್ ವೈದ್ಯರಲ್ಲ, ಕಟ್ಟಡಗಳ ನಕ್ಷೆ ಮಾಡುತ್ತಿದ್ದವರು. ಕ್ಷಯ ಬಂದಿತ್ತು, ಪಾದದ ಶಸ್ತ್ರಚಿಕಿತ್ಸೆ ಆಗಿತ್ತು, ಅದಾದ ಮೇಲೆ ಎಡಭಾಗದ ಸ್ವಾಧೀನ ತಪ್ಪಿತ್ತು. ಕೈಕೆಲಸ, ತೋಟದ ಕೆಲಸ ಮಾಡುತ್ತಾ ತನ್ನನ್ನು ತಾನೇ ಎಬ್ಬಿಸಿಕೊಂಡ ಮನುಷ್ಯ. ನಮ್ಮ ಮೊದಲ ಸಭೆ ಕರೆದವರಲ್ಲಿ ಒಬ್ಬರು ರೋಗಿ. ಹಾಗಿರುವಾಗ ಇವತ್ತು ಪೆಟ್ಟಾದವರು "ಬರಬಹುದಾ" ಅಂತ ಕೇಳುವ ಪರಿಸ್ಥಿತಿ ಬಂದದ್ದು ನಮ್ಮ ನಾಚಿಕೆ.

ಈಗ ನನ್ನ ಕಥೆ. ಕೆಲವು ವರ್ಷಗಳ ಹಿಂದೆ ಒಂದು ಜಾಗೃತಿ ದಿನ ನಡೆಸಿದೆ. ಬೆಳಿಗ್ಗೆಯಿಂದ ಸಂಜೆ ತನಕ ಭಾಷಣಗಳು, ಕಣ್ಣು ಕುಕ್ಕುವ ವೇದಿಕೆಯ ದೀಪ, ಕಿರ್‍ರೆನ್ನುವ ಮೈಕು, ಮಧ್ಯದಲ್ಲಿ ಹಿನ್ನೆಲೆ ಸಂಗೀತದ ವಿಡಿಯೋ. ಮುಂದಿನ ಸಾಲಿನಲ್ಲಿ ತಲೆಗೆ ಪೆಟ್ಟಾಗಿದ್ದ ಒಬ್ಬರನ್ನು ಗೌರವದಿಂದ ಕೂರಿಸಿದ್ದೆವು, ಮಧ್ಯಾಹ್ನದ ಮೇಲೆ ಅವರೂ ಮಾತಾಡಬೇಕಿತ್ತು. ಇಪ್ಪತ್ತು ನಿಮಿಷಕ್ಕೆ ಹಣೆ ಹಿಡಿದುಕೊಂಡರು. ನಲವತ್ತಕ್ಕೆ ಎದ್ದು ಹೋದರು. ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕೂತಿದ್ದವರನ್ನು ಅವರ ಹೆಂಡತಿ ಮನೆಗೆ ಕರೆದುಕೊಂಡು ಹೋದರು. ಒಳಗೆ ಆ ಹೊತ್ತಿಗೆ ನಾನೇ ನಿಂತು ಮಿದುಳಿನ ಪೆಟ್ಟು ಮತ್ತು ಆಯಾಸ ಅನ್ನುವ ವಿಷಯದ ಮೇಲೆ ಮಾತಾಡುತ್ತಿದ್ದೆ. ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ, ಪಟ್ಟಿ ಮಾಡಿದವಳು ನಾನೇ.

ಹಾಗಾಗಿ ಬರುವ ಮೊದಲೇ ನಡೆಸುವವರಿಗೆ ಬರೆದು ಕೇಳಿ. ಸದ್ದಿಲ್ಲದ ಕೋಣೆ ಇದೆಯಾ, ಬಾಗಿಲ ಹತ್ತಿರ ಕುರ್ಚಿ ಸಿಗುತ್ತದಾ, ಸ್ಲೈಡ್‌ಗಳನ್ನು ಮೊದಲೇ ಕಳಿಸುತ್ತೀರಾ, ಜೊತೆಗೆ ಬರುವವರಿಗೂ ಹಣ ಕಟ್ಟಬೇಕಾ. ಇಡೀ ದಿನದ ಪಟ್ಟಿಯಲ್ಲಿ ಎರಡೇ ಎರಡು ಗೋಷ್ಠಿ ಆರಿಸಿ, ಮಧ್ಯೆ ಒಂದು ಗೋಷ್ಠಿಯಷ್ಟು ಹೊತ್ತು ಖಾಲಿ ಬಿಡಿ. ಸುಸ್ತಾದ ಮೇಲೆ ಏಳುವುದಲ್ಲ, ಗಡಿಯಾರ ನೋಡಿ ಏಳಿ. ಮಿದುಳಿನ ಆಯಾಸ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಟೋಪಿ, ಬಣ್ಣದ ಕನ್ನಡಕ, ಕಿವಿಗೆ ಹಾಕುವ ಬೆಣೆ, ಇವನ್ನೆಲ್ಲ ಬಳಸಲು ಸಂಕೋಚ ಬೇಡ. ಮರುದಿನ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಮತ್ತೆ, ಸಂಜೆ ವಾಪಸ್ ಹೋಗುವಾಗ ನೀವು ಗಾಡಿ ಓಡಿಸಬೇಡಿ.

ವೇದಿಕೆಯಲ್ಲಿ ನಿಮ್ಮ ಕಥೆ ಹೇಳಿ ಅಂತ ಕರೆದರೆ? ಇಷ್ಟವಿದ್ದರೆ ಹೇಳಿ, ಬರೆದುಕೊಂಡು ಓದಿ. ಉಳಿದ ಮಾತುಗಾರರಿಗೆ ಸಂಭಾವನೆ ಕೊಡುತ್ತಿದ್ದರೆ ನೀವೂ ಕೇಳಿ. ಅಳಿಸಲಿಕ್ಕೆಂದು ಕರೆಯುವ ಸಭೆಗಳಿವೆ, ಅಂಥ ಕಡೆ ಬರುವುದಿಲ್ಲ ಅನ್ನುವುದೂ ಒಂದು ಉತ್ತರ.

ನಾವು ಚಿಕ್ಕದಾಗಿ ಒಂದು ಕಾರ್ಯಕ್ರಮ ಮಾಡಬೇಕು ಅಂತಿದ್ದೇವೆ. ಎಲ್ಲಿಂದ ಶುರು?

ಮೇಲಿನ ಕಥೆಯ ಉಲ್ಟಾ ಮಾಡಿ. ಎರಡು ಗಂಟೆ ಸಾಕು. ಭಾಷಣ ಒಂದೇ, ಇಪ್ಪತ್ತು ನಿಮಿಷದ್ದು. ಉಳಿದ ಹೊತ್ತು ಮೇಜುಗಳ ಸುತ್ತ. ಒಂದು ಮೇಜಿನಲ್ಲಿ ಒಂದೇ ಕೈಯಿಂದ ಗುಂಡಿ ಹಾಕುವ ಸಾಧನ, ಒಂದರಲ್ಲಿ ನೆನಪಿನ ಡೈರಿಗಳು, ಒಂದರಲ್ಲಿ ಮನೆಯವರು ಕೂತು ಮಾತಾಡುವ ಜಾಗ. ಮಿನುಗುವ ದೀಪ, ಸಂಗೀತ ಬೇಡ. ಶೌಚಾಲಯದ ದಾರಿಗೆ ದೊಡ್ಡ ಬಾಣದ ಗುರುತು, ಎಲ್ಲರ ಎದೆಯ ಮೇಲೆ ದೊಡ್ಡಕ್ಷರದ ಹೆಸರು. ಹೆಸರು ಮರೆಯುವವರಿಗೆ ಅದರಷ್ಟು ದೊಡ್ಡ ಉಪಕಾರ ಇನ್ನೊಂದಿಲ್ಲ. ಯೋಜನೆ ಮಾಡುವ ಮೊದಲ ದಿನದಿಂದಲೇ ಪೆಟ್ಟಾದ ಇಬ್ಬರನ್ನು ಸಮಿತಿಗೆ ಸೇರಿಸಿಕೊಳ್ಳಿ. ಒಬ್ಬರೇ ಆದರೆ ಹೂಂ ಅಂದುಕೊಂಡು ಕೂತಿರುತ್ತಾರೆ, ಇಬ್ಬರಿದ್ದರೆ ಜಗಳ ಆಡುತ್ತಾರೆ. ಆ ಜಗಳ ಬೇಕು.

ಎಲ್ಲ ಇಂಗ್ಲಿಷ್‌ನಲ್ಲೇ ಇರುತ್ತದಲ್ಲ, ಅರ್ಥವಾಗುತ್ತದಾ?

ನಾಲ್ಕೈದು ಪದ ಗೊತ್ತಿದ್ದರೆ ಅರ್ಧ ದಾರಿ ಬಂದ ಹಾಗೆ. 'ಎಡಿಎಲ್' ಅಂದರೆ ದಿನನಿತ್ಯದ ಕೆಲಸ, ಸ್ನಾನ, ಊಟ, ಬಟ್ಟೆ. 'ನೆಗ್ಲೆಕ್ಟ್' ಅಂದರೆ ಉಪೇಕ್ಷೆ ಅಂತ ತಿಳಿಯಬೇಡಿ. ಕಣ್ಣು ಸರಿಯಿದ್ದರೂ ಒಂದು ಪಕ್ಕ, ಹೆಚ್ಚಾಗಿ ಎಡಗಡೆ, ಇಲ್ಲವೇ ಇಲ್ಲ ಅನ್ನುವ ಹಾಗಿರುವುದು. ತಟ್ಟೆಯ ಬಲಗಡೆ ಖಾಲಿ, ಎಡಗಡೆ ಹಾಗೇ. ಅರ್ಧ ಮುಖಕ್ಕೆ ಮಾತ್ರ ಕ್ಷೌರ. 'ಎಕ್ಸಿಕ್ಯೂಟಿವ್ ಫಂಕ್ಷನ್' ಅಂದರೆ ಯೋಚಿಸಿ, ಸಾಲಾಗಿ ಜೋಡಿಸಿ, ಮಧ್ಯದಲ್ಲಿ ತಪ್ಪಿದರೆ ತಿದ್ದಿಕೊಂಡು ಮುಗಿಸುವ ಶಕ್ತಿ, ಮನೆಯ ಯಜಮಾನಿಕೆ ಇದ್ದ ಹಾಗೆ. 'ಇನ್‌ಸೈಟ್' ಇಲ್ಲ ಅಂದರೆ ತನಗೆ ತೊಂದರೆ ಇದೆ ಅನ್ನುವುದೇ ತಿಳಿಯದಿರುವುದು. ಅದು ಹಟ ಅಲ್ಲ, ಅದೂ ಪೆಟ್ಟಿನ ಒಂದು ಭಾಗ. ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿ, ಪಕ್ಕದಲ್ಲಿ ಕೂತವರು ಯಾರಾದರೂ ತಿಳಿಸುತ್ತಾರೆ.

ಆನ್‌ಲೈನ್ ಸಾಕಾ?

ಕೇಳುವುದಕ್ಕೆ ಸಾಕು. ಪೆಟ್ಟಾದವರಿಗಂತೂ ಒಳ್ಳೆಯದೇ, ನಿಲ್ಲಿಸಿ ನಿಲ್ಲಿಸಿ ನೋಡಬಹುದು. ಕೈಗೆ ಸ್ಪ್ಲಿಂಟ್ (ಕೈಯನ್ನು ಒಂದೇ ಭಂಗಿಯಲ್ಲಿ ಹಿಡಿದಿಡುವ ಆಸರೆ) ಮಾಡುವುದನ್ನು, ಒಬ್ಬರನ್ನು ಹಾಸಿಗೆಯಿಂದ ಕುರ್ಚಿಗೆ ದಾಟಿಸುವುದನ್ನು ಪರದೆ ನೋಡಿ ಕಲಿಯಲಾಗದು.

ಸರ್ಟಿಫಿಕೇಟ್, ವೃತ್ತಿ ಕಲಿಕೆಯ ಅಂಕ (ಕ್ರೆಡಿಟ್) ಸಿಗುತ್ತದಾ?

ದೇಶಕ್ಕೊಂದು, ಸಂಸ್ಥೆಗೊಂದು ನಿಯಮ. ಹಣ ಕಟ್ಟುವ ಮೊದಲೇ ನಡೆಸುವವರಿಂದ ಬರೆಸಿಕೊಳ್ಳಿ, ಆಮೇಲೆ ಜಗಳ ಮಾಡಿ ಪ್ರಯೋಜನವಿಲ್ಲ. ವಿದ್ಯಾರ್ಥಿಗಳಾದರೆ ಸ್ವಯಂಸೇವಕರಾಗಿ ಬರುತ್ತೇವೆ ಅಂತ ಕೇಳಿ. ಎಷ್ಟೋ ಕಡೆ ಶುಲ್ಕ ಬಿಡುತ್ತಾರೆ.

ಹೋಗಿ ಬಂದ ಮೇಲೆ ಎರಡು ವಾರಕ್ಕೆ ಎಲ್ಲ ಮರೆತುಹೋಗುತ್ತದೆ. ಏನು ಮಾಡಲಿ?

ಎಲ್ಲವನ್ನೂ ತರಲು ಹೋಗಬೇಡಿ, ಒಂದನ್ನು ತನ್ನಿ. ಕೆಲವೊಮ್ಮೆ ಆ ಒಂದು ಅಂದರೆ ಏನನ್ನೋ ಬಿಡುವುದು. ಸ್ಟ್ರೋಕ್ ಆದವರ ಕೈಗೆ ರಾತ್ರಿಯಿಡೀ ಸ್ಪ್ಲಿಂಟ್ ಕಟ್ಟುವುದು ನಮ್ಮಲ್ಲಿ ಅಭ್ಯಾಸವಾಗಿಬಿಟ್ಟಿತ್ತು. ಆಸ್ಟ್ರೇಲಿಯಾದ ಓಟಿ ನತಾಶಾ ಲ್ಯಾನಿನ್ ಮತ್ತು ಜೊತೆಯವರು 63 ಜನರ ಮೇಲೆ ಪರೀಕ್ಷೆ ಮಾಡಿ 2007 ರಲ್ಲಿ ಬರೆದರು. ನಾಲ್ಕು ವಾರ ರಾತ್ರಿ ಕಟ್ಟಿದರೂ ಮಣಿಕಟ್ಟು ಬಿಗಿಯುವುದು ತಪ್ಪಲಿಲ್ಲ. ಒಂದು ಗೋಷ್ಠಿಯಲ್ಲಿ ಇದನ್ನು ಕೇಳಿ ಬಂದ ಮೇಲೆ ಎಲ್ಲರಿಗೂ ಕಣ್ಣುಮುಚ್ಚಿ ಸ್ಪ್ಲಿಂಟ್ ಕೊಡುವುದನ್ನು ನಾನು ಬಿಟ್ಟೆ. ಉಳಿದ ಹೊತ್ತನ್ನು ಆ ಕೈಯಿಂದ ಏನಾದರೂ ಮಾಡಿಸಲು ಬಳಸಿದೆ.

ಬದಲಾವಣೆ ಆಯಿತಾ ಅಂತ ನೋಡಲು ಸಿಓಪಿಎಂ (ಕೆನೇಡಿಯನ್ ಆಕ್ಯುಪೇಷನಲ್ ಪರ್ಫಾರ್ಮೆನ್ಸ್ ಮೆಷರ್) ಒಳ್ಳೆಯ ಅಳತೆ, 1991 ರಿಂದ ಇದೆ. ಅವರಿಗೆ ಮುಖ್ಯವಾದ ಕೆಲಸಗಳನ್ನು ಅವರೇ ಹೇಳಬೇಕು, ಎಷ್ಟು ಚೆನ್ನಾಗಿ ಮಾಡುತ್ತೇನೆ, ಎಷ್ಟು ತೃಪ್ತಿ ಇದೆ ಅಂತ ಹತ್ತಕ್ಕೆ ಅಂಕ ಅವರೇ ಕೊಡಬೇಕು. ಎರಡು ಅಂಕ ಏರಿದರೆ ಗಣನೀಯ ಅಂತ ಲೆಕ್ಕ. ಆದರೆ ಇನ್‌ಸೈಟ್ ಇಲ್ಲದವರು ಎಲ್ಲದಕ್ಕೂ ಹತ್ತು ಕೊಡುತ್ತಾರೆ, ಆಗ ಮನೆಯವರ ಅಂಕವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಪೆಟ್ಟಾಗಿ ಆರು ವರ್ಷ ಆಯಿತು. ಈಗ ಬಂದು ಏನು ಪ್ರಯೋಜನ?

ಮೊದಲ ತಿಂಗಳುಗಳ ವೇಗ ಇನ್ನು ಬರುವುದಿಲ್ಲ, ಅದು ನಿಜ. ಆರು ತಿಂಗಳಿಗೆ ಬಾಗಿಲು ಮುಚ್ಚಿತು ಅನ್ನುವ ಹಳೇ ಮಾತು ಮಾತ್ರ ಸುಳ್ಳು. ಒಳ್ಳೆಯ ಕೈಯನ್ನು ಕಟ್ಟಿ ಸೋತ ಕೈಯನ್ನು ದುಡಿಸುವ ಚಿಕಿತ್ಸೆಯನ್ನು ಎಡ್ವರ್ಡ್ ಟಾಬ್ ಮೊದಲು ತೋರಿಸಿದ್ದೇ ಸ್ಟ್ರೋಕ್ ಆಗಿ ವರ್ಷ ದಾಟಿದವರಲ್ಲಿ. ಆಮೇಲೆ 222 ಜನರ ದೊಡ್ಡ ಪರೀಕ್ಷೆ ನಡೆದು 2006 ರಲ್ಲಿ ಪ್ರಕಟವಾಯಿತು. ಎರಡೇ ವಾರದ ಚಿಕಿತ್ಸೆ, ಎಚ್ಚರವಿರುವ ಹೊತ್ತಿನ ಶೇಕಡಾ 90 ರಷ್ಟು ಒಳ್ಳೆಯ ಕೈಗೆ ಗವಸು. ಬೆರಳು, ಮಣಿಕಟ್ಟು ಸ್ವಲ್ಪವಾದರೂ ಆಡುವವರಿಗೆ ಮಾತ್ರ ಇದು ಆಗುತ್ತದೆ, ಎಲ್ಲರಿಗೂ ಅಲ್ಲ. ನೆನಪಿನ ವಿಷಯದಲ್ಲಿ ನೆನಪೇ ವಾಪಸ್ ಬರಬೇಕು ಅಂತಿಲ್ಲ, ಅದಿಲ್ಲದೆ ನಡೆಸುವ ದಾರಿ ಕಲಿತರೂ ಸಾಕು.

ಒಂದು ಸಲ ನೆನಪಿನ ಮೇಜಿನ ಹತ್ತಿರ ಒಬ್ಬರು ಬಂದು ನಿಂತರು. ಏಳು ವರ್ಷ ಹಳೇ ಪೆಟ್ಟು. ಏನೂ ಕೇಳಲಿಲ್ಲ, ಡೈರಿಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಮುಂದಿನ ವರ್ಷ ಅದೇ ಮೇಜಿಗೆ ಮತ್ತೆ ಬಂದರು, ನನ್ನ ಗುರುತು ಸಿಗಲಿಲ್ಲ. ಜೇಬಿನಿಂದ ಚಿಕ್ಕ ನೋಟ್‌ಬುಕ್ಕು ತೆಗೆದು ಒಂದು ಪುಟ ಹುಡುಕಿ ಓದಿದರು: "ನೀಲಿ ಸೀರೆಯವರನ್ನು ಕೇಳು, ದೊಡ್ಡ ಅಕ್ಷರದ ಡೈರಿ ಎಲ್ಲಿ ಸಿಗುತ್ತದೆ." ಅವತ್ತು ನಾನು ಹಸಿರು ಉಟ್ಟಿದ್ದೆ. ಪರವಾಗಿಲ್ಲ, ಮೇಜು ಅದೇ ಜಾಗದಲ್ಲಿತ್ತು.